ಕೊಟ್ಟಿಗೆಯಲ್ಲಿಟ್ಟ ಬಿಳಿ ಕ್ಯಾನು

ಚಿಕ್ಕನಾಯಕನಹಳ್ಳಿ
27 ಜೂನ್ 2025, ಶುಕ್ರವಾರ

ಪ್ರೀತಿಯ ಮಾವನವರಿಗೆ,

ಇದು ನಾನು ಜೀವನದಲ್ಲಿ ಬರೆಯುತ್ತಿರುವ ಮೊದಲ ಕಾಗದ. ರಜೆ ಕೇಳಿ ಹೆಡ್‌ಮಿಸ್‌ಗೆ ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಇಂಗ್ಲಿಷಿನಲ್ಲಿತ್ತು. ಒತ್ತಕ್ಷರ ತಪ್ಪಿದ್ದರೆ ನನ್ನ ಸ್ಕೂಲಿಗೆ ಬೈಯಿರಿ, ನನಗಲ್ಲ.

ತವರಿಗೆ ಬಂದು ಎರಡು ದಿನವಾಯಿತು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ನಿಯಮ ಮಾಡಿದವರಿಗೆ ನಿಮ್ಮಂಥ ಮಾವ ಇರಲಿಲ್ಲ ಅಂತ ಕಾಣುತ್ತದೆ. ಇದ್ದಿದ್ದರೆ ಬಿಟ್ಟುಹೋಗುವ ಸಂಕಟ ಗೊತ್ತಾಗುತ್ತಿತ್ತು. ನಿಮ್ಮ ಮಗನನ್ನು ಬಿಟ್ಟು ಬಂದದ್ದಕ್ಕೂ ಸಂಕಟವಾಗಿದೆ. ಆದರೆ ಅವರು ದಿನಕ್ಕೆ ಹದಿನಾಲ್ಕು ಸಲ ಫೋನು ಮಾಡುವುದರಿಂದ ಸಂಕಟಪಡಲು ಬಿಡುವು ಸಿಗುತ್ತಿಲ್ಲ.

ನಿಮಗೆ ಮಾತ್ರ ಫೋನು ಕೇಳಿಸದು. ಸ್ಪೀಕರ್ ಹಾಕಿದರೆ ನನ್ನ ದನಿ ಅಡುಗೆಮನೆ ದಾಟಿ ಪಕ್ಕದ ಹಾಲಸ್ವಾಮಿಯವರ ಜಗಲಿಗೂ ಹೋಗುತ್ತದೆ. ಅದಕ್ಕೇ ಕಾಗದ. ಪೋಸ್ಟ್‌ಮ್ಯಾನ್ ಮರುಳಸಿದ್ದಯ್ಯನವರು ತೋಟಕ್ಕೇ ಬಂದು ನಿಮ್ಮ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ನಾನು ವಿಳಾಸ ಬರೆದು ಸ್ಟಾಂಪು ಅಂಟಿಸಿ ಕೊಟ್ಟ ಕವರುಗಳು ನಿಮ್ಮ ಪಂಚಾಂಗದ ಒಳಗಿವೆ.

ನಿಮ್ಮ ಕಿಡ್ನಿಯ ವಿಷಯ ಗೊತ್ತಿರುವುದು ಮೂರೇ ಜನಕ್ಕೆ: ನಿಮಗೆ, ತಿಪಟೂರಿನ ಡಾಕ್ಟರಿಗೆ, ನನಗೆ. ಮದುವೆಯಾದ ಹತ್ತನೇ ದಿನ ನೀವು ಮಡಿಚಿದ ರಿಪೋರ್ಟು ತಂದು “ಇದರಾಗೆ ಏನ್ ಬರ್ದವ್ರೆ ಓದಮ್ಮ” ಅಂದಿರಲ್ಲ, ಆವತ್ತೇ ನಾನು ಆ ಮನೆಯವಳಾದೆ. ಅತ್ತೆಗೆ ಹೇಳಬಾರದು ಅಂದಿರಿ. ಅವರ ಅಣ್ಣ ಜವರಪ್ಪನವರು ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು ಹೋದದ್ದು ಅವರ ಕಣ್ಣಿಂದ ಇನ್ನೂ ಮಾಸಿಲ್ಲ ಅಂದಿರಿ. ನಾನು ತಾಳಿ ಮುಟ್ಟಿ ಮಾತು ಕೊಟ್ಟೆ.

ಡಾಕ್ಟರು ಹೇಳಿದ್ದನ್ನು ಮರೆಯಬೇಡಿ. ಕಿಡ್ನಿ ಅಂದರೆ ಕಾಯಿಹಾಲು ಸೋಸುವ ಬಟ್ಟೆಯ ಹಾಗೆ. ವರ್ಷಗಟ್ಟಲೆ ಬಿಪಿ ಹೆಚ್ಚಾಗಿದ್ದು ನಿಮಗೆ ಗೊತ್ತೇ ಆಗಲಿಲ್ಲ. ಅದರ ಮೇಲೆ ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ಕಡಲೆಪುರಿಯಂತೆ ತಿಂದಿರಿ. ಬಟ್ಟೆಯ ಎಳೆ ಸಡಿಲವಾಗಿ ಒಳಗಿರಬೇಕಾದ ಪ್ರೋಟೀನು ಹೊರಗೆ ಸೋರುತ್ತಿದೆ. ಹೋದ ಅರ್ಧ ವಾಪಸ್ಸು ಬರಲ್ಲ, ಉಳಿದ ಅರ್ಧ ಕಾಪಾಡಿಕೊಳ್ಳಿ ಅಂದಿದ್ದಾರೆ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ನೋವಿನ ಮಾತ್ರೆ ಮುಟ್ಟಬಾರದು. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ. ಎಳನೀರು ಸದ್ಯಕ್ಕೆ ಬೇಡವೇ ಬೇಡ. ಅದರ ಪೊಟ್ಯಾಸಿಯಂ ಹೊರಗೆ ಹಾಕುವ ಶಕ್ತಿ ಸೋತ ಕಿಡ್ನಿಗಿಲ್ಲ, ಹೆಚ್ಚಾದರೆ ಹೃದಯಕ್ಕೇ ತೊಂದರೆ.

ಇನ್ನು ಮೂತ್ರ ಪರೀಕ್ಷೆಗೆಂದು ಲ್ಯಾಬಿನವರು ಕೊಟ್ಟ ಆ ಬಿಳಿ ಕ್ಯಾನು. ಒಂದು ದಿನ ಬೆಳಿಗ್ಗೆ ಎದ್ದಾಗಿನದನ್ನು ಹೊರಗೆ ಬಿಟ್ಟು, ಆಮೇಲಿನದನ್ನೆಲ್ಲ ಮಾರನೆಯ ಬೆಳಿಗ್ಗೆ ಎದ್ದಾಗಿನದರವರೆಗೆ ಅದರಲ್ಲೇ ಹಿಡಿದಿಡಬೇಕು. ಬಿಸಿಲು ತಾಕಬಾರದು. ಲ್ಯಾಬಿಗೆ ನೀವೇ ಒಯ್ಯಬೇಕು. ಸೊಸೆ ಮಾವನಿಗೆ ಬರೆಯುವ ಮಾತೇ ಇದು ಎಂದು ನಾಚಿಕೆಯಾಗುತ್ತಿದೆ, ಆದರೂ ಬರೆದಿದ್ದೇನೆ.

ನಿಮ್ಮ ಗುಟ್ಟಿನ ಪಾಲುದಾರಳು,
ಯೋಗಿತಾ


ತೋಟದ ಮನೆ, ಕಿಬ್ಬನಹಳ್ಳಿ
1 ಜುಲೈ 2025

ಚಿ. ಸೌ. ಯೋಗಿತಾಳಿಗೆ ಮಾವ ಗಂಗಾಧರಯ್ಯ ಮಾಡುವ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಮರುಳಸಿದ್ದಯ್ಯ ಅದನ್ನು ಅಂಗಿಯ ಒಳಗಿಟ್ಟುಕೊಂಡು ಬಂದು, ಅತ್ತ ಇತ್ತ ನೋಡಿ ಕೈಗಿತ್ತ. ಈ ವಯಸ್ಸಿನಲ್ಲಿ ನನಗೆ ಇಂಥ ಕಾಗದ ಯಾರು ಬರೆಯುತ್ತಾರೆಂದು ಅವನಿಗೆ ಅನುಮಾನ ಬಂದಿದೆ.

ನಾನು ಕ್ಷೇಮ. ಬಿಪಿ ಮಾತ್ರೆ ಬೆಳಿಗ್ಗೆ ಆರಕ್ಕೆ ತಪ್ಪದೆ ನುಂಗುತ್ತಿದ್ದೇನೆ. ಡಬ್ಬಿಯನ್ನು ಅಟ್ಟದಲ್ಲಿ ಕೊಬ್ಬರಿಗೆ ಒಣಗಲು ಹಾಕಿದ ಕಾಯಿಗಳ ನಡುವೆ ಇಟ್ಟಿರುವೆ. ಅಲ್ಲಿಗೆ ಹತ್ತಲು ನಿಮ್ಮ ಅತ್ತೆಗೆ ಆಗುವುದಿಲ್ಲ. ದಿನಾ ಬೆಳಿಗ್ಗೆ ಏಣಿ ಹತ್ತುವುದೇಕೆಂದು ಕೇಳಿದಳು. ಕಾಯಿ ಅಲ್ಲಾಡಿಸಿ ನೀರು ಇಂಗಿತೋ ಇಲ್ಲವೋ ನೋಡುತ್ತೇನೆಂದೆ. ದಿನಾ ನೋಡಿದರೆ ಬೇಗ ಇಂಗುತ್ತದೆಯೇ ಎಂದು ನಕ್ಕಳು.

ಉಪ್ಪು ಕಡಿಮೆಯಾಗಿದೆ. ಸಾರು ಬಡಿಸುವಾಗ ಬಿಸಿನೀರು ಬೆರೆಸಿಕೊಳ್ಳುತ್ತೇನೆ. ನಿನ್ನ ಕೈಸಾರಿನ ರುಚಿ ಹತ್ತಿ ತನ್ನ ಸಾರು ನನಗೆ ರುಚಿಸದಂತಾಗಿದೆ ಎಂದು ಅವಳು ತಿಳಿದಿದ್ದಾಳೆ. ಅದೂ ನಿನ್ನ ಲೆಕ್ಕಕ್ಕೆ ಬಂತು.

ಎಳನೀರಿನ ವಿಷಯ ಬರೆಯಬೇಡ. ಮುನ್ನೂರು ಮರದ ಯಜಮಾನ ನಾನು. ಮೊನ್ನೆ ಹಾಲಸ್ವಾಮಿ ನನ್ನ ತೋಟದ್ದೇ ಕಾಯಿ ಕೆತ್ತಿ ನನಗೇ ಕೊಟ್ಟ. ನೆಗಡಿ ಎಂದೆ. ಹೋದ ವಾರವೂ ನೆಗಡಿ ಎಂದಿದ್ದೆ. ನನಗೆ ಕ್ಷಯವಿರಬಹುದೆಂದು ಅವನು ಈಗ ನಮ್ಮ ಲೋಟ ಮುಟ್ಟುವುದಿಲ್ಲ.

ಕ್ಯಾನನ್ನು ಯಾರ ಕಣ್ಣಿಗೂ ಬೀಳದ ತಂಪು ಜಾಗದಲ್ಲಿ ಇಡಲಾಗುವುದು. ಆ ಚಿಂತೆ ನನಗೆ ಬಿಡು. ಮಂಡಿ ಪರವಾಗಿಲ್ಲ.

ಇಂತು,
ಗಂಗಾಧರಯ್ಯ


ಚಿಕ್ಕನಾಯಕನಹಳ್ಳಿ
4 ಜುಲೈ 2025

ಮಾವ,

ನಿಮ್ಮ ಕಾಗದವನ್ನು ಐದು ಸಲ ಓದಿದೆ. “ಇಡಲಾಗುವುದು” ಎಂದು ಬರೆದಿದ್ದೀರಲ್ಲ, ಸರ್ಕಾರವೇ ನನಗೆ ಕಾಗದ ಬರೆದ ಹಾಗಾಯಿತು. ಅಮ್ಮ ಯಾರದು ಎಂದು ಕೇಳಿದರು. ನನ್ನ ಗಂಡನದು ಅಂದೆ. ಗಂಡನ ಕಾಗದ ಓದಿ ಹೀಗೆ ಹೊಟ್ಟೆ ಹಿಡಿದು ನಗುವವಳನ್ನು ಎಲ್ಲೂ ಕಂಡಿಲ್ಲ ಎಂದರು.

ನಿಮ್ಮ ಮಗ ಭಾನುವಾರ ಬಂದಿದ್ದರು. ಆಷಾಢದಲ್ಲಿ ಅಳಿಯ ಬರುವ ಹಾಗಿಲ್ಲ, ಆದ್ದರಿಂದ ನಮ್ಮ ಮಿಕ್ಸಿ ರಿಪೇರಿಗೆ ಬಂದರು. ಮಿಕ್ಸಿ ಚೆನ್ನಾಗಿಯೇ ಇತ್ತು, ಅವರು ಹೋದ ಮೇಲೆ ಕೆಟ್ಟಿದೆ. ಬೈಕಿಗೆ ಕಟ್ಟಿಕೊಂಡು ಆರು ಎಳನೀರು ತಂದಿದ್ದರು. ಎಷ್ಟು ಸಿಹಿ ಮಾವ! ನಿಮ್ಮೆದುರು ಇದನ್ನು ಬರೆಯಬಾರದಿತ್ತು, ಕ್ಷಮಿಸಿ. ಅವರಿಗೆ ನಿಮ್ಮ ವಿಷಯ ಹೇಳಿಬಿಡಲೇ ಎಂದು ಬಾಯಿ ತನಕ ಬಂತು. ಆದರೆ ಅವರ ಮುಖವೇ ನೋಟಿಸ್ ಬೋರ್ಡು. ಸಂಜೆಗೆ ಅತ್ತೆ ಓದಿಕೊಂಡಿರುತ್ತಿದ್ದರು.

ಸೋಮವಾರ ಏಳನೇ ತಾರೀಕು ಪರೀಕ್ಷೆ ಇಟ್ಟುಕೊಳ್ಳಿ. ಆವತ್ತು ನಿಮಗೆ ತೋಟದಲ್ಲೇ ಕೆಲಸ ಎಂದು ನಿಮ್ಮ ಮಗ ಹೇಳಿದರು. ಬಸ್ಸಿನಲ್ಲಿ ಕ್ಯಾನನ್ನು ಕಾಲ ಹತ್ತಿರ ಇಟ್ಟುಕೊಳ್ಳಿ, ಮುಚ್ಚಳ ಬಿಗಿ ಮಾಡಿ.

“ಮಂಡಿ ಪರವಾಗಿಲ್ಲ” ಎಂದು ಓದಿ ಎಷ್ಟು ಖುಷಿಯಾಯಿತು. ಮಾತ್ರೆ ಇಲ್ಲದೆಯೂ ನೋವು ಕಡಿಮೆಯಾಯಿತಲ್ಲ, ನಾನು ಹೇಳಿದ್ದ ಬಿಸಿ ಉಪ್ಪಿನ ಶಾಖ ಕೆಲಸ ಮಾಡಿದೆ!

ಯೋಗಿತಾ


ತೋಟದ ಮನೆ, ಕಿಬ್ಬನಹಳ್ಳಿ
10 ಜುಲೈ 2025

ಚಿ. ಸೌ. ಯೋಗಿತಾ,

ಸಂತೋಷದ ಸಮಾಚಾರ. ರಿಪೋರ್ಟನ್ನು ಇದರೊಳಗೆ ಮಡಿಚಿಟ್ಟಿದ್ದೇನೆ. ಪ್ರೋಟೀನು ಏನೇನೂ ಇಲ್ಲ ಎಂದು ಲ್ಯಾಬಿನಾತ ಬಾಯಲ್ಲಿ ಹೇಳಿದ. ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲ ಎಂದ.

ನನಗೆ ಮೊದಲೇ ಗೊತ್ತಿತ್ತು. ಮಂಗಳವಾರ ಬೆಳಿಗ್ಗೆ ಕ್ಯಾನು ಎತ್ತಿದಾಗಲೇ ಕೈಗೆ ಭಾರ ತಿಳಿಯಿತು. ಕುತ್ತಿಗೆಯವರೆಗೆ ತುಂಬಿತ್ತು. ಈ ಕಿಡ್ನಿ ಸೋತಿದೆ ಎಂದವರು ಯಾರು ಎಂದುಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಹೋದೆ. ಪಕ್ಕದವನು ಹರಳೆಣ್ಣೆಯೇ ಎಂದು ಕೇಳಿದ. ಹೌದೆಂದೆ.

ಈಗ ನಿನ್ನ ಮುಂದೆ ಒಂದು ಮಾತು ಒಪ್ಪಿಕೊಳ್ಳಬೇಕು. ಮಂಡಿ ಪರವಾಗಿಲ್ಲ ಎಂದು ಬರೆದದ್ದು ನಿಜ, ಆದರೆ ನಿನ್ನ ಶಾಖದಿಂದಲ್ಲ. ನಡುನಡುವೆ ಹಳೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಅದರಿಂದ ಏನೂ ಆಗಿಲ್ಲವೆಂದು ಈ ರಿಪೋರ್ಟೇ ಹೇಳಿತಲ್ಲ. ಆದ್ದರಿಂದ ಈಗ ದಿನಕ್ಕೆರಡು ನುಂಗುತ್ತಿದ್ದೇನೆ. ಬಿಪಿ ಮಾತ್ರೆಯನ್ನು ಬುಧವಾರದಿಂದ ನಿಲ್ಲಿಸಿದೆ. ಅಟ್ಟ ಹತ್ತುವ ಕೆಲಸವೂ ತಪ್ಪಿತು. ನಿನ್ನೆ ಮಾವಿನ ಉಪ್ಪಿನಕಾಯಿ ಹಾಕಿಸಿಕೊಂಡು ಮೂರು ಮುದ್ದೆ ಉಂಡೆ. ನಿಮ್ಮ ಅತ್ತೆ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಡಾಕ್ಟರಿಗೆ ತೋರಿಸುವ ದಿನ ತಿಂಗಳ ಕೊನೆಗಿದೆ. ಹೋಗುವ ಅಗತ್ಯ ಕಾಣುವುದಿಲ್ಲ. ನೀನು ಮಾಡಿದ ಉಪಕಾರ ದೊಡ್ಡದು.

ಗಂಗಾಧರಯ್ಯ


ಚಿಕ್ಕನಾಯಕನಹಳ್ಳಿ
12 ಜುಲೈ 2025, ಶನಿವಾರ

ಮಾವ, ಮಾವ, ಮಾವ,

ಪ್ರೋಟೀನು ಇಲ್ಲ! ನಾನು ಹಿತ್ತಲಿಗೆ ಓಡಿಹೋಗಿ ದಾಸವಾಳದ ಗಿಡದ ಹತ್ತಿರ ನಿಂತು ಕುಣಿದೆ. ಮಾತ್ರೆಯ ವಿಷಯಕ್ಕೆ ಸಿಟ್ಟು ಬಂತು, ಆದರೆ ಇವತ್ತು ಸಿಟ್ಟಿನ ದಿನವಲ್ಲ. ಊರಿಗೆ ಬಂದ ಕೂಡಲೇ ನಾವಿಬ್ಬರೂ ಬಾವಿಯ ಹತ್ತಿರ ಕೂತು

*

ಭಾನುವಾರ, 13 ಜುಲೈ

ನಿನ್ನೆ ಇಲ್ಲಿಗೆ ನಿಲ್ಲಿಸಿದೆ. ರಿಪೋರ್ಟನ್ನು ಪೂರ್ತಿ ಓದಿರಲಿಲ್ಲ. ಈಗ ಓದಿದ್ದೇನೆ, ಸಮಾಧಾನವಿಲ್ಲ.

ಒಟ್ಟು ಪ್ರಮಾಣ ನಾಲ್ಕು ಲೀಟರಿಗೂ ಮೇಲೆ ಎಂದಿದೆ. ನೀವು ದಿನಕ್ಕೆ ಎರಡು ಲೀಟರ್ ನೀರು ಕುಡಿದರೆ ಹೆಚ್ಚು. ಉಳಿದದ್ದು ಎಲ್ಲಿಂದ ಬಂತು? ನನ್ನ ಜೊತೆ ಓದಿದ ಅನಿತಾ ತುಮಕೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹೆಸರು ಹೇಳದೆ ರಿಪೋರ್ಟಿನ ಫೋಟೋ ಕಳಿಸಿದೆ. ಅವಳು ಕ್ಷಾರ ಇಷ್ಟಿದೆ, ಬಣ್ಣ ಇಷ್ಟು ಗಾಢವಿದೆ ಎಂದು ಏನೇನೋ ನೋಡಿ ಕೊನೆಗೆ ಕೇಳಿದಳು: “ಲೇ, ನಿನ್ ಪೇಷಂಟ್‌ಗೆ ಕೊಂಬು ಇದೆಯೇನೇ?”

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ನಮ್ಮ ಕೊಟ್ಟಿಗೆ ನೆನಪಾಯಿತು. ತೋಟಕ್ಕೆ ಜೀವಾಮೃತ ಗೊಬ್ಬರ ಮಾಡಲು ಅತ್ತೆ ಹಸುವಿನ ಗಂಜಲ ಹಿಡಿದಿಡುವುದು ಬಿಳಿ ಕ್ಯಾನುಗಳಲ್ಲೇ ಅಲ್ಲವೇ? ನೀವು ನಿಮ್ಮದನ್ನು ಎಲ್ಲಿ ಇಟ್ಟಿದ್ದಿರಿ? ಬೇರೆ ಯಾರಾದರೂ ಮುಟ್ಟಿದರೇ?

ಇವತ್ತೇ ಕೇಳೋಣವೆಂದು ಫೋನು ಮಾಡಿದೆ. ನೀವು ಸ್ಪೀಕರ್ ಹಾಕಿ “ಎಲ್ಲಾ ಚೆನ್ನಾಗೈತೆ ಕಣಮ್ಮ, ಫಸ್ಟ್ ಕ್ಲಾಸು” ಎಂದು ಕೂಗಿದಿರಿ. ಹಿಂದೆ ಅತ್ತೆ ಏನಂತೆ ಏನಂತೆ ಎನ್ನುತ್ತಿದ್ದರು. ಊಟ ಆಯಿತಾ ಎಂದು ಕೇಳಿ ಇಟ್ಟೆ. ಮೂರು ಸಲ ಮಾಡಿದೆ, ಮೂರು ಸಲವೂ ಊಟ ಆಯಿತಾ ಎಂದೇ ಕೇಳಿದೆ.

ದಯವಿಟ್ಟು ಬಿಪಿ ಮಾತ್ರೆ ಮತ್ತೆ ಶುರು ಮಾಡಿ. ನೋವಿನ ಮಾತ್ರೆ ಎಸೆಯಿರಿ. ಎಳನೀರು ಮುಟ್ಟಬೇಡಿ. ಉತ್ತರ ಬೇಗ ಬರೆಯಿರಿ.

ಯೋಗಿತಾ


ತೋಟದ ಮನೆ, ಕಿಬ್ಬನಹಳ್ಳಿ
17 ಜುಲೈ 2025

ಯೋಗಿತಾ,

ನಿನ್ನ ಊಹೆ ಸರಿ.

ಕ್ಯಾನನ್ನು ಕೊಟ್ಟಿಗೆಯಲ್ಲಿ, ಗಂಜಲದ ಕ್ಯಾನುಗಳ ಸಾಲಿನ ಕೊನೆಗೆ ಇಟ್ಟಿದ್ದೆ. ಅಷ್ಟು ಕ್ಯಾನುಗಳ ನಡುವೆ ಒಂದು ಹೆಚ್ಚಾದರೆ ನಿಮ್ಮ ಅತ್ತೆಗೆ ತಿಳಿಯದು ಎಂಬ ಎಣಿಕೆ. ಆ ಎಣಿಕೆಯೇ ಕೆಡಿಸಿತು. ಮಂಗಳವಾರ ಬೆಳಗಿನದನ್ನೂ ಸೇರಿಸಿ ನಾನು ಸ್ನಾನಕ್ಕೆ ಹೋದೆ. ಅಷ್ಟರಲ್ಲಿ ಅವಳು ಹಾಲು ಕರೆಯಲು ಬಂದಿದ್ದಾಳೆ.

ನಿನ್ನೆ ಏನೂ ಗೊತ್ತಿಲ್ಲದವನಂತೆ, ಹೋದ ವಾರ ಜೀವಾಮೃತಕ್ಕೆ ಗಂಜಲ ಸಾಕಾಯಿತೇ ಎಂದು ಕೇಳಿದೆ. “ಸಾಲ್ದೇ ಬಂದಿತ್ತು ಕಣ್ರೀ. ಕೊನೇಲಿ ಒಂದ್ ಕ್ಯಾನ್ ಇತ್ತಲ್ಲ, ಅದನ್ನೂ ಡ್ರಮ್ಮಿಗೆ ಹುಯ್ದೆ. ಆಮೇಲೆ ಗೌರಿದೂ ತುಂಗೆದೂ ಹಿಡ್ದು ಅದ್ಕೇ ತುಂಬಿಟ್ಟೆ. ಮದ್ಯಾನ ನೋಡಿದ್ರೆ ಕ್ಯಾನೇ ಇಲ್ಲ. ಯಾರೋ ಕದ್ದವ್ರೆ” ಎಂದಳು. ಗಂಜಲ ಕದಿಯುವಷ್ಟು ಕೆಟ್ಟುಹೋಯಿತೇ ಈ ಊರು ಎಂದು ಹಾಲಸ್ವಾಮಿಯ ಹೆಂಡತಿಯ ಹತ್ತಿರವೂ ಹೇಳಿಕೊಂಡಿದ್ದಾಳಂತೆ.

ಆದ್ದರಿಂದ ಗಂಗಾಧರಯ್ಯ, ಅರವತ್ತೊಂದು ವರ್ಷ, ಗಂಡು ಎಂದು ತಲೆಬರಹವಿರುವ ಆ ರಿಪೋರ್ಟು ಗೌರಿ ಮತ್ತು ತುಂಗೆಯದು. ಅವರಿಬ್ಬರ ಕಿಡ್ನಿಯೂ ಚೆನ್ನಾಗಿದೆ. ನನ್ನದು ಡ್ರಮ್ಮಿನಲ್ಲಿ ಬೆಲ್ಲ, ಕಡಲೆಹಿಟ್ಟಿನೊಡನೆ ಕಲೆತು, ಹೋದ ಭಾನುವಾರ ಬಾವಿ ಪಕ್ಕದ ಐದು ತೆಂಗಿನ ಮರದ ಬುಡ ಸೇರಿತು.

ಬಿಪಿ ಮಾತ್ರೆ ಮತ್ತೆ ಶುರು ಮಾಡಿದ್ದೇನೆ. ಬೇರೆ ತೊಂದರೆ ಏನಿಲ್ಲ. ಬಸ್ಸಿನಲ್ಲಿ ಓಡಾಡಿದ್ದಕ್ಕೆ ಚಪ್ಪಲಿ ಸ್ವಲ್ಪ ಬಿಗಿಯಾಗಿದೆ, ಅಷ್ಟೆ.

ಗಂಗಾಧರಯ್ಯ


ಚಿಕ್ಕನಾಯಕನಹಳ್ಳಿ
20 ಜುಲೈ 2025, ಭಾನುವಾರ

ಮಾವ,

ಗೌರಿ, ತುಂಗೆಯ ಸಾಲು ಓದಿ ಮಂಚದಿಂದ ಬೀಳುವಷ್ಟು ನಕ್ಕೆ. ಆಮೇಲೆ ಕೊನೆಯ ಸಾಲು ಓದಿದೆ.

ಚಪ್ಪಲಿ ಬಿಗಿಯಾಗುವುದು ಬಸ್ಸಿನಿಂದ ಅಲ್ಲ. ಬೆರಳಿನಿಂದ ಪಾದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ನಿಂತರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ. ಆ ಒಂದು ವಾರದ ಉಪ್ಪಿನಕಾಯಿ, ನೋವಿನ ಮಾತ್ರೆ, ನಿಲ್ಲಿಸಿದ ಬಿಪಿ ಮಾತ್ರೆ, ಎಲ್ಲ ಸೇರಿ ಮಾಡಿರುವುದು. ಡಾಕ್ಟರ ಹತ್ತಿರ ತಿಂಗಳ ಕೊನೆಗಲ್ಲ, ಈಗಲೇ ಹೋಗಬೇಕು ಎಂದು ಅನಿತಾ ಹೇಳಿದಳು.

ಇಷ್ಟು ದಿನ ನಾನು ಕಾಗದದಲ್ಲಿ ಕುಣಿದದ್ದೇ ಹೆಚ್ಚು. ನಿಜ ಬರೆಯುತ್ತೇನೆ: ನನಗೆ ಹೆದರಿಕೆಯಾಗಿದೆ. ತಪ್ಪಿನಲ್ಲಿ ಅರ್ಧ ನನ್ನದು. ಬಂದ ಹತ್ತೇ ದಿನಕ್ಕೆ ಮಾವ ನನ್ನನ್ನು ನಂಬಿ ಗುಟ್ಟು ಹೇಳಿದರು ಎಂದು ಹಿಗ್ಗಿದೆ. ಆ ಹಿಗ್ಗು ಬಿಡಲು ಮನಸ್ಸಿಲ್ಲದೆ ಗುಟ್ಟನ್ನು ಸಾಕಿದೆ. ಅತ್ತೆಗೆ ಗೊತ್ತಿದ್ದಿದ್ದರೆ ಆ ಕ್ಯಾನು ದೇವರ ಮನೆಯಷ್ಟು ಭದ್ರವಾಗಿರುತ್ತಿತ್ತು. ಅವರಿಗೆ ಹೆದರಿಕೆಯಾಗಬಾರದು ಎಂದು ನಾವು ಮುಚ್ಚಿಟ್ಟೆವು. ನಿಮ್ಮನ್ನು ಕಾಯಬಲ್ಲವರು ಅವರೊಬ್ಬರೇ, ಅವರ ಕಣ್ಣಿಗೇ ಬಟ್ಟೆ ಕಟ್ಟಿದ ಹಾಗಾಯಿತು.

ಗುರುವಾರ ಭೀಮನ ಅಮಾವಾಸ್ಯೆ. ಅತ್ತೆ ನಿಮ್ಮ ಆಯುಸ್ಸಿಗೆ ಪೂಜೆ ಮಾಡುತ್ತಾರೆ. ಅದಕ್ಕೆ ಮೊದಲು ಹೇಳಿಬಿಡಿ. ಇನ್ನು ಮುಂದೆ ನಾವು ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಬಾರದು, ಎಷ್ಟೇ ಸಣ್ಣದಾಗಿರಲಿ. ನೀವು ಹೇಳದಿದ್ದರೆ ಶುಕ್ರವಾರ ನಾನೇ ಫೋನು ಮಾಡಿ, ಸ್ಪೀಕರಿನಲ್ಲಿ, ಹಾಲಸ್ವಾಮಿಯವರಿಗೂ ಕೇಳುವ ಹಾಗೆ ಹೇಳುತ್ತೇನೆ.

ನಿಮ್ಮ ಮಗ ಇವತ್ತು ಫ್ಯಾನು ರಿಪೇರಿಗೆ ಬಂದಿದ್ದರು. ಈ ಸಲದ ಎಳನೀರು ಹೋದ ಸಲಕ್ಕಿಂತ ಸಿಹಿ, ನಾನೊಬ್ಬಳೇ ನಾಲ್ಕು ಕುಡಿದೆ. ಗುರುವಾರ ಅವರ ಪಾದಪೂಜೆ ನನ್ನ ಮೊದಲನೆಯದು. ಕಚಗುಳಿಯಾದರೆ ಕಾಲು ಎಳೆದುಕೊಳ್ಳುತ್ತೇನೆ ಎಂದು ಈಗಲೇ ಹೆದರಿಸುತ್ತಿದ್ದಾರೆ.

ಯೋಗಿತಾ


ತೋಟದ ಮನೆ, ಕಿಬ್ಬನಹಳ್ಳಿ
30 ಜುಲೈ 2025

ಮಗಳೇ ಯೋಗಿತಾ,

ನಿನ್ನ ಕಾಗದ ಅಮಾವಾಸ್ಯೆಯ ಹಿಂದಿನ ದಿನ ಬಂತು. ಬೆಳಿಗ್ಗೆ ಹೇಳೋಣವೆಂದುಕೊಂಡೆ. ಬೆಳಿಗ್ಗೆಯಾದಾಗ ಪೂಜೆ ಆಗಲಿ ಎಂದುಕೊಂಡೆ. ಮಣೆಯ ಮೇಲೆ ಕೂರಿಸಿದಳು. ತಟ್ಟೆಯಲ್ಲಿ ಪಾದ ಇಟ್ಟೆ. ನೀರು ಹಾಕಿ, ಒರೆಸಿ, ಅರಿಶಿನ ಹಚ್ಚಿ, ಕುಂಕುಮ ಇಡಲು ಬೆರಳು ಒತ್ತಿದಳು. ಬೆರಳು ತೆಗೆದಾಗ ಅಲ್ಲೊಂದು ಗುಳಿ. ಕುಂಕುಮ ಗುಳಿಯೊಳಗೆ ಕೂತಿತ್ತು. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಗುಳಿ.

“ನಮ್ಮಣ್ಣಂಗೂ ಹಿಂಗೇ ಬೀಳೋದು” ಎಂದಳು. “ಎಷ್ಟ್ ದಿನದಿಂದ ಮುಚ್ಚಿಟ್ಟಿದ್ದೀರಿ?”

ಹೇಳಿದೆ. ರಿಪೋರ್ಟು, ಅಟ್ಟ, ಬಿಸಿನೀರಿನ ಸಾರು, ಕ್ಯಾನು, ಗೌರಿ, ತುಂಗೆ, ಎಲ್ಲ. ಪಾದ ಇನ್ನೂ ತಟ್ಟೆಯಲ್ಲೇ ಇತ್ತು. ಅವಳು ತುಂಬ ಹೊತ್ತು ಅದನ್ನೇ ಹಿಡಿದು ಕೂತಿದ್ದಳು. ಆರತಿ ಆರಿಹೋಯಿತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. “ನಮ್ಮಣ್ಣ ಮೊದ್ಲೇ ಹೇಳಿದ್ರೆ ಇನ್ನೂ ಇರ್ತಿದ್ದ ಕಣ್ರೀ. ಹೆದ್ರಿಕೆ ಆಗೋದು ನಂಗೆ ಬುಡಿ. ನೀವು ಇರೋದ್ ನೋಡ್ಕಳಿ” ಎಂದಳು. ಆಮೇಲೆ ಎದ್ದು ಆರತಿ ಮತ್ತೆ ಹಚ್ಚಿ ಪೂಜೆಯನ್ನು ಮೊದಲಿನಿಂದ ಮಾಡಿದಳು. ಸುಳ್ಳು ಹೇಳುತ್ತಾ ಕೂತವನಿಗೆ ಮಾಡಿದ ಪೂಜೆ ಲೆಕ್ಕಕ್ಕಿಲ್ಲವಂತೆ.

ಅಂದು ಮಧ್ಯಾಹ್ನವೇ ಉಪ್ಪಿನಕಾಯಿ ಜಾಡಿಗಳು ಹಾಲಸ್ವಾಮಿಯ ಮನೆಗೆ ಹೋದವು. ನಾನು ಕೊಬ್ಬರಿ ಚೀಲದಲ್ಲಿ, ಪಂಪ್‌ಸೆಟ್ಟಿನ ಮನೆಯಲ್ಲಿ, ಹಳೇ ಕೋಟಿನ ಜೇಬಿನಲ್ಲಿ ಇಟ್ಟಿದ್ದ ನೋವಿನ ಮಾತ್ರೆಗಳನ್ನು ಒಂದೂ ಬಿಡದೆ ಹುಡುಕಿದಳು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಏನನ್ನು ಎಲ್ಲಿ ಇಡುತ್ತೇನೆಂದು ಅವಳಿಗೆ ಗೊತ್ತು. ಕೊಟ್ಟಿಗೆಯೊಂದು ತಪ್ಪಿತ್ತು.

ಶುಕ್ರವಾರ ಡಾಕ್ಟರ ಹತ್ತಿರ ಹೋದೆವು. ನನ್ನನ್ನು ಹೊರಗೆ ಕೂರಿಸಿ ಅವಳೇ ಅರ್ಧ ಗಂಟೆ ಮಾತಾಡಿದಳು. ಬಾವು ಇಳಿಯಲು ಮಾತ್ರೆ ಕೊಟ್ಟಿದ್ದಾರೆ, ಇಳಿಯುತ್ತಿದೆ. ಕ್ಯಾನಿನ ಪರೀಕ್ಷೆ ಮತ್ತೆ ಮಾಡಿದೆವು. ಈ ಸಲ ಕ್ಯಾನು ನಡುಮನೆಯಲ್ಲಿತ್ತು, ಅದರ ಕೊರಳಿಗೆ ಪೂಜೆಯ ಅರಿಶಿನ ದಾರ ಕಟ್ಟಿದ್ದಳು. ಒಂದೂಮುಕ್ಕಾಲು ಲೀಟರ್, ಬಹಳ ಬಡ ಕ್ಯಾನು. ಪ್ರೋಟೀನು ಸೋರುತ್ತಿದೆ. ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಯುವ ಕ್ರಿಯಾಟಿನಿನ್ ಮೊದಲಿಗಿಂತ ಕೂದಲೆಳೆಯಷ್ಟು ಏರಿದೆ. ಇನ್ನೆರಡು ತಿಂಗಳು ಹಾಗೇ ಬಿಟ್ಟಿದ್ದರೆ ಮಾತು ಬೇರೆ ಇತ್ತು, ಈಗ ಹಿಡಿದುಕೊಂಡರೆ ಎಷ್ಟೋ ವರ್ಷ ಡಯಾಲಿಸಿಸ್ ಇಲ್ಲದೆ ನಡೆಸಬಹುದು ಎಂದರು. ನಿಮ್ಮ ಅತ್ತೆ ಆ ಮಾತನ್ನು ಎರಡು ಸಲ ಹೇಳಿಸಿದಳು.

ನಿನ್ನ ಗಂಡ ತಿಮ್ಮರಾಜುವಿಗೂ ಗೊತ್ತಾಯಿತು. ಆದ್ದರಿಂದ ಊರಿಗೆಲ್ಲ ಗೊತ್ತಾಗಿದೆ. ಹಾಲಸ್ವಾಮಿ ಮತ್ತೆ ನಮ್ಮ ಲೋಟದಲ್ಲಿ ಕುಡಿಯುತ್ತಿದ್ದಾನೆ. ಬಿಪಿ ನೋಡಿಸಿಕೊಂಡು ಬಂದಿದ್ದಾನಂತೆ, ಅವನದೂ ಹೆಚ್ಚಿದೆ.

ಪಂಚಮಿ ಮುಗಿಯಿತು, ಭಾನುವಾರ ಬಂದುಬಿಡು. ಉಪ್ಪಿಲ್ಲದ ಸಾರಿಗೆ ಹುಣಸೆ ಹೆಚ್ಚಿಸುವುದೋ ನಿಂಬೆ ಹಿಂಡುವುದೋ ಎಂದು ನಿಮ್ಮ ಅತ್ತೆ ನಿನ್ನನ್ನೇ ಕೇಳಬೇಕಂತೆ. ಮುಚ್ಚಿಟ್ಟದ್ದಕ್ಕೆ ನಿನಗೂ ಒಂದು ಮಾತು ಇಟ್ಟುಕೊಂಡಿದ್ದಾಳೆ, ಆದರೆ ಹೋಳಿಗೆ ಹಾಕಿದ ಮೇಲೆ ಬೈಯುತ್ತೇನೆ ಎಂದಿದ್ದಾಳೆ.

ಕೊನೆಯದಾಗಿ ಒಂದು ವಿಷಯ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಎಷ್ಟೇ ಸಣ್ಣದಾದರೂ ಮುಚ್ಚಿಡಬಾರದೆಂದು ನೀನೇ ಬರೆದಿರುವೆ. ಇಪ್ಪತ್ತನೇ ತಾರೀಕು ತಿಮ್ಮರಾಜು ನಿನಗೆ ತಂದ ಎಳನೀರನ್ನು, ಮರ ಗಿಡ್ಡವಿದೆ, ಕೀಳಲು ಸುಲಭ ಎಂದು, ಬಾವಿ ಪಕ್ಕದ ಐದು ಮರದಿಂದಲೇ ಕಿತ್ತಿದ್ದು.

ನಿನ್ನ ಮಾವ,
ಗಂಗಾಧರಯ್ಯ